ಮೂರನೇ ಪುಶ್‌ರಾಡ್ ಹಾಕುವ ಮುನ್ನ

ಹಳೆಯ ಬುಲೆಟ್‌ನ ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ವಾಲ್ವ್, ಹೊಸ ಗೈಡ್ ಹಾಕಿಸಿದ್ದಾಗಿದೆ. ಮೊದಲ ವಾರ ಗಾಡಿ ಚೆನ್ನಾಗಿಯೇ ಓಡುತ್ತದೆ. ಆಮೇಲೊಂದು ದಿನ ಘಾಟಿ ಏರುವಾಗ ಬಲಗಡೆಯಿಂದ ಟಕಟಕ ಸದ್ದು ಶುರು. ಬಿಚ್ಚಿ ನೋಡಿದರೆ ಎಕ್ಸಾಸ್ಟ್ ಕಡೆಯ ಪುಶ್‌ರಾಡ್ ಬಾಗಿದೆ. ಹೊಸದು ಹಾಕಿದ್ದಾಯಿತು, ಮುಂದಿನ ದೂರದ ಸವಾರಿಯಲ್ಲಿ ಅದೂ ಬಾಗಿತು. ‘ಪೀಸೇ ಸರಿ ಇಲ್ಲ ಸಾರ್, ಬೇರೆ ಅಂಗಡಿಯಿಂದ ತರಿಸೋಣ’ ಎನ್ನುತ್ತಾರೆ ಮೆಕ್ಯಾನಿಕ್. ‘ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ಅಣ್ಣ’ ಎನ್ನುತ್ತಾರೆ ಮಾಲೀಕರು.

ನಿಲ್ಲಬೇಕಾದ್ದು ಇಲ್ಲಿಯೇ. ಒಂದು ಭಾಗ ಒಮ್ಮೆ ಕೆಟ್ಟರೆ ಆ ಭಾಗದ ಮೇಲೆ ಅನುಮಾನಪಡಬಹುದು. ಅದೇ ಭಾಗ ಅದೇ ಜಾಗದಲ್ಲಿ ಎರಡನೇ ಸಲ ಕೆಟ್ಟರೆ, ಅದನ್ನು ಕೆಡಿಸುವ ಕಾರಣ ಎಂಜಿನ್‌ನೊಳಗೇ ಉಳಿದಿದೆ ಎಂದೇ ತಿಳಿಯಬೇಕು. ಕಾರಣ ಸಿಗುವ ತನಕ ಯಾವ ಅಂಗಡಿಯಿಂದ ಯಾವ ಕಂಪನಿಯ ಮಾಲು ತಂದರೂ ಗತಿ ಅದೇ.

ಎಂಜಿನ್‌ನ ಈ ಭಾಗದ ಕೆಲಸ ಎಷ್ಟು ಕಠಿಣ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಕ್ಯಾಮ್‌ನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ರಾಕರ್‌ನ ಒಂದು ತುದಿಯನ್ನು ಮೇಲೆತ್ತುತ್ತದೆ. ರಾಕರ್‌ನ ಇನ್ನೊಂದು ತುದಿ ಕೆಳಗಿಳಿದು, ಸ್ಪ್ರಿಂಗನ್ನು ಅದುಮಿ ವಾಲ್ವ್ ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗ್‌ನದು. ವಾಲ್ವ್‌ನ ಕಡ್ಡಿ ಜಾರುವ ಕೊಳವೆಯೇ ಗೈಡ್, ಅದರ ತಲೆ ಮುಚ್ಚಿ ಕೂರುವ ಜಾಗವೇ ಸೀಟ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಕ್ಯಾಮ್ 1500 ಸುತ್ತು ತಿರುಗುತ್ತದೆ. ಅಂದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ, ಒಂದು ಗಂಟೆಯ ಸವಾರಿಯಲ್ಲಿ 90,000 ಸಲ ತೆರೆದು ಮುಚ್ಚುತ್ತದೆ. ಎಕ್ಸಾಸ್ಟ್ ವಾಲ್ವ್‌ನ ತಲೆಯಂತೂ 700 ಡಿಗ್ರಿ ಸೆಲ್ಸಿಯಸ್ ದಾಟುವ ಕಾವಿನಲ್ಲಿ ಇಷ್ಟನ್ನೂ ಮಾಡುತ್ತದೆ. ಇಂಥ ಕಡೆ ಕೂದಲೆಳೆಯಷ್ಟು ತಪ್ಪು ಅಳತೆಯೂ ನೂರಾರು ಕಿಲೋಮೀಟರ್ ಓಡುವಷ್ಟರಲ್ಲಿ ಮುರಿತವಾಗಿ ಹೊರಬರುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವು ಟೂ ಸ್ಟ್ರೋಕ್, ಅವುಗಳಲ್ಲಿ ಇಂಥ ವಾಲ್ವ್‌ಗಳೇ ಇಲ್ಲ. ಬುಲೆಟ್, ಜೀಪ್, ಅಂಬಾಸಡರ್, ಟ್ರಾಕ್ಟರ್ ಇಟ್ಟುಕೊಂಡವರಿಗೆ ಮಾತ್ರ ಇದು ತಪ್ಪದ ಪಾಠ.

ಕಾರಣ ಬಿಟ್ಟು ಭಾಗ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ದೊಡ್ಡ ಕಂಪನಿಗಳ ಚರಿತ್ರೆಯಲ್ಲೇ ಸಾಕ್ಷಿ ಇದೆ. ಯುರೋಪಿನ ಫೋರ್ಡ್ 1970ರಲ್ಲಿ ತಂದ, ಜನ ಪಿಂಟೊ ಎಂದು ಕರೆಯುವ ಎಂಜಿನ್ ಕಾರ್ಟಿನಾ, ಕ್ಯಾಪ್ರಿ, ಸಿಯೆರಾದಂಥ ಕಾರುಗಳಲ್ಲಿ ಲಕ್ಷಗಟ್ಟಲೆ ಓಡಿತು. ಅದರ ಕ್ಯಾಮ್ ಸಿಲಿಂಡರ್ ಹೆಡ್ಡಿನ ಮೇಲಿದೆ. ಕ್ಯಾಮ್‌ನ ಮೇಲ್ಗಡೆ ಸಣ್ಣ ತೂತುಗಳಿರುವ ಒಂದು ಪೈಪು. ಆ ತೂತುಗಳಿಂದ ಆಯಿಲ್ ಚಿಮ್ಮಿ ಉಬ್ಬುಗಳ ಮೇಲೆ ಬೀಳಬೇಕು. ಆಯಿಲ್ ಬದಲಿಸಲು ತಡ ಮಾಡಿದರೆ ಜಿಡ್ಡು ಕಟ್ಟಿ ತೂತುಗಳು ಮುಚ್ಚುತ್ತವೆ, ಒಣಗಿದ ಉಬ್ಬು ಸವೆಯುತ್ತದೆ. ಸವೆದ ಕ್ಯಾಮ್ ತೆಗೆದು ಹೊಸದು ಹಾಕಿ, ಹಳೆಯ ಪೈಪನ್ನೇ ಮತ್ತೆ ಕೂರಿಸಿದವರ ಹೊಸ ಕ್ಯಾಮೂ ಬೇಗನೆ ಹೋಯಿತು. ಕ್ಯಾಮ್, ಅದರ ಉಬ್ಬಿಗೆ ತಾಗಿ ಚಲಿಸುವ ಫಾಲೋವರ್‌ಗಳು, ಆಯಿಲ್ ಪೈಪು ಮೂರನ್ನೂ ಒಟ್ಟಿಗೇ ಬದಲಿಸಬೇಕೆಂಬುದು ಆ ಎಂಜಿನ್ ರಿಪೇರಿ ಮಾಡುವವರ ನಡುವೆ ನಿಯಮವಾಗಿಯೇ ಉಳಿಯಿತು.

1983ರಲ್ಲಿ ಬಂದ ಹೋಂಡಾ ವಿಎಫ್ 750 ಎಫ್ ಬೈಕಿನ ಕಥೆ ಇದಕ್ಕಿಂತ ಮುಖ್ಯ. ನಾಲ್ಕು ಸಿಲಿಂಡರ್‌ಗಳ ಆ ವಿ-ಎಂಜಿನ್‌ನಲ್ಲಿ ಕ್ಯಾಮ್ ಮತ್ತು ರಾಕರ್‌ಗಳ ಮೈ ಕಿತ್ತುಬರತೊಡಗಿತು. ಹೆಡ್ಡಿಗೆ ಆಯಿಲ್ ಸಾಲುತ್ತಿಲ್ಲ ಎಂದು ಬಹಳ ಮಂದಿ ನಂಬಿದರು. ಹೊರಗಿನಿಂದ ಪೈಪ್ ಎಳೆದು ಹೆಚ್ಚು ಆಯಿಲ್ ಕೊಡುವ ಕಿಟ್‌ಗಳು ಮಾರಾಟಕ್ಕೆ ಬಂದವು. ಕಂಪನಿಯೂ ಕ್ಯಾಮ್‌ಗಳನ್ನು ಸುಧಾರಿಸಿ ಕೊಟ್ಟಿತು. ಆದರೂ ಸವೆತ ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಎಲ್ಲರ ಗಮನ ಹೋದದ್ದು ಕ್ಯಾಮ್ ಕೂರುವ ಬೇರಿಂಗ್‌ಗಳ ಕಡೆಗೆ: ಅಲ್ಲಿ ಸಂದು ಹೆಚ್ಚಿದ್ದರಿಂದ ಕ್ಯಾಮ್ ತನ್ನ ಜಾಗದಲ್ಲೇ ಅಲುಗಾಡುತ್ತಿತ್ತು. ಹಾಗೆ ಅಲುಗಾಡುವ ಕ್ಯಾಮ್‌ನ ಕೆಳಗೆ ಫೀಲರ್ ಗೇಜ್ ತೂರಿಸಿದರೆ ಬರುವ ಅಳತೆಯೂ ಸುಳ್ಳೇ. ಅದಕ್ಕಾಗಿ ವಾಲ್ವ್ ಸಂದು ಅಳೆಯುವಾಗ ಕ್ಯಾಮನ್ನು ಒತ್ತಿ ಹಿಡಿಯುವ ಪ್ರತ್ಯೇಕ ಸಾಧನ ಬಂತು. 1986ರ ವಿಎಫ್ಆರ್ 750 ಎಫ್ ಬರುವಾಗ ಹೋಂಡಾ ಕ್ಯಾಮ್ ತಿರುಗಿಸಲು ಚೈನ್ ಬಿಟ್ಟು ಗೇರ್‌ಗಳನ್ನೇ ಬಳಸಿತು. ಸವೆದದ್ದು ಒಂದು ಕಡೆ, ದೋಷ ಇದ್ದದ್ದು ಅದರ ಪಕ್ಕದಲ್ಲಿ. ರಿಪೇರಿ ಅಂಗಡಿಗಳಲ್ಲಿ ದಿನಾ ಕಾಣುವುದೂ ಇದೇ ಬಗೆಯ ತಪ್ಪು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮುರಿದ ಭಾಗಗಳನ್ನು ಉಳಿಸಿಕೊಳ್ಳುವುದರಿಂದ. ಗ್ಯಾರೇಜಿನಲ್ಲಿ ಹಳೆಯ ಪೀಸು ಗುಜರಿ ಡಬ್ಬಕ್ಕೆ ಬೀಳುವ ಮೊದಲೇ ಕೇಳಿ ಪಡೆಯಬೇಕು. ತೊಳೆಯಬಾರದು, ಉಜ್ಜಬಾರದು. ಯಾವ ಸಿಲಿಂಡರ್, ಇನ್‌ಲೆಟ್ಟೋ ಎಕ್ಸಾಸ್ಟೋ, ಹಾಕಿದ ಮೇಲೆ ಎಷ್ಟು ಕಿಲೋಮೀಟರ್ ಓಡಿತ್ತು, ಕೆಡುವ ಹೊತ್ತಿಗೆ ಗಾಡಿ ಏನು ಮಾಡುತ್ತಿತ್ತು ಎಂದು ಚೀಟಿ ಬರೆದು ಕವರಿಗೆ ಹಾಕಿಡಬೇಕು.

ಆ ಚೀಟಿಗಳಿಂದ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ: ಕೆಡುತ್ತಿರುವುದು ಒಂದೇ ಜಾಗವೋ, ಬೇರೆ ಬೇರೆ ಜಾಗಗಳೋ? ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ ಸಲವೂ ಮೂರನೆಯದರ ಎಕ್ಸಾಸ್ಟೇ ಹೋಗುತ್ತಿದ್ದರೆ ಕಾರಣ ಆ ಜಾಗದ್ದು: ಗೈಡ್, ಸೀಟ್, ಆ ರಾಕರ್‌ಗೆ ಬರುವ ಆಯಿಲ್ ತೂತು, ಕ್ಯಾಮ್‌ನ ಆ ಒಂದು ಉಬ್ಬು. ಇವತ್ತು ಒಂದನೆಯದು, ನಾಳೆ ನಾಲ್ಕನೆಯದು ಎಂಬಂತಿದ್ದರೆ ಕಾರಣ ಎಲ್ಲಕ್ಕೂ ಸೇರಿದ್ದು: ಆಯಿಲ್ ಪ್ರೆಶರ್, ಸ್ಪ್ರಿಂಗ್ ಸೆಟ್ಟು, ಕ್ಯಾಮ್ ಟೈಮಿಂಗ್, ಒಟ್ಟಿಗೆ ತಂದ ಕಳಪೆ ಮಾಲು ಅಥವಾ ಮಿತಿ ಮೀರಿ ರೇಸ್ ಮಾಡುವ ಅಭ್ಯಾಸ. ಈ ಒಂದು ವಿಂಗಡಣೆ ಅರ್ಧ ಕೆಲಸ ಉಳಿಸುತ್ತದೆ.

ಮುರಿದ ಲೋಹವೂ ಮಾತಾಡುತ್ತದೆ. ಮುರಿದ ಮೈಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ಒಂದು ಅಂಚಿನಿಂದ ಶುರುವಾಗಿ ಮರದ ಕೊರಡಿನ ಉಂಗುರಗಳಂತೆ ಹರಡಿದ ನುಣುಪು ಗೆರೆಗಳಿದ್ದರೆ ಬಿರುಕು ದಿನಗಟ್ಟಲೆ ಬೆಳೆದು ಮುರಿದಿದೆ ಎಂದರ್ಥ. ಬಾಗಿಸುವ ಬಲ ಸಣ್ಣದಾಗಿ ಮತ್ತೆ ಮತ್ತೆ ಬೀಳುತ್ತಿತ್ತು. ಇಡೀ ಮೈ ಒಂದೇ ಸಮ ಹರಳು ಹರಳಾಗಿದ್ದರೆ ಒಂದೇ ಏಟಿಗೆ ಮುರಿದದ್ದು. ವಾಲ್ವ್ ತಲೆಯ ಕೆಳಗಿನ ಕುತ್ತಿಗೆಯಲ್ಲಿ ಮುರಿದಿದ್ದರೆ ಸೀಟ್ ಮತ್ತು ಗೈಡ್‌ನ ಮಧ್ಯರೇಖೆ ಒಂದೇ ಅಲ್ಲ ಎಂಬ ಅನುಮಾನ ಬರಬೇಕು. ವಾಲ್ವ್ ಪ್ರತಿ ಸಲ ಮುಚ್ಚುವಾಗ ಸೀಟಿನ ಒಂದು ಬದಿಗೆ ಮೊದಲು ತಾಗಿ, ಚೂರು ಬಾಗಿ ಕೂರುತ್ತದೆ. ಸೆಕೆಂಡಿಗೆ 25 ಸಲ ಹೀಗೆ ಬಾಗುವ ಉಕ್ಕು ಎಷ್ಟು ದಿನ ತಡೆದೀತು? ಸ್ಪ್ರಿಂಗನ್ನು ಕಡ್ಡಿಗೆ ಹಿಡಿದಿಡುವ ಲಾಕ್ ಕೂರುವ ಕೊರಕಲಿನ ಹತ್ತಿರ ಮುರಿದಿದ್ದರೆ ಲಾಕ್‌ಗೂ ಸ್ಪ್ರಿಂಗ್ ಮೇಲಿನ ಬಟ್ಟಲಿಗೂ ಕೋನ ಹೊಂದಿಲ್ಲದಿರಬಹುದು, ಸ್ಪ್ರಿಂಗ್ ಪೂರ್ತಿ ಅದುಮಿ ಸುರುಳಿಗೆ ಸುರುಳಿ ಕೂಡುತ್ತಿರಬಹುದು, ಇಲ್ಲವೇ ಟ್ಯಾಪೆಟ್ ಸಂದು ವಿಪರೀತ ಹೆಚ್ಚಿರಬಹುದು.

ವಾಲ್ವ್ ಕಡ್ಡಿಯ ತುದಿಯಲ್ಲಿ ರಾಕರ್ ಉಜ್ಜಿದ ಗುರುತು ನೋಡುವುದು ಇನ್ನೂ ಸುಲಭ. ಗುರುತು ನಡುಮಧ್ಯದಲ್ಲಿ ಸಣ್ಣ ಪಟ್ಟಿಯಾಗಿದ್ದರೆ ಕ್ಷೇಮ. ಅಂಚಿಗೆ ಸರಿದಿದ್ದರೆ ರಾಕರ್ ಓರೆಯಾಗಿ ತಳ್ಳುತ್ತಿದೆ. ಗೈಡ್ ಒಂದೇ ಕಡೆ ಸವೆದು ಬಾಯಿ ಅಗಲವಾಗುತ್ತದೆ. ಪುಶ್‌ರಾಡ್‌ನ ತುದಿ ನೀಲಿಗಟ್ಟಿದ್ದರೆ ಆಯಿಲ್ ಇಲ್ಲದೆ ಕಾದಿದೆ. ಮಧ್ಯಕ್ಕೆ ಬಾಗಿದ್ದರೆ ಮೇಲೆ ಯಾವುದೋ ಅದರ ದಾರಿ ತಡೆದಿದೆ. ಬಾಗಿದೆಯೋ ಇಲ್ಲವೋ ತಿಳಿಯಲು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಸಾಕು, ಕಣ್ಣಿಗೆ ಕಾಣದ ಸೊಟ್ಟವೂ ಗಾಜಿನ ಮೇಲೆ ಕುಣಿಯುತ್ತದೆ.

ಈಗ ಘಾಟಿಯಲ್ಲಿ ಬಾಗಿದ ಪುಶ್‌ರಾಡ್‌ಗೆ ಬರೋಣ. ಊರೊಳಗೆ ಓಡಾಡುವಾಗ ಬಾಗಲಿಲ್ಲ, ಎಂಜಿನ್ ಚೆನ್ನಾಗಿ ಕಾದ ಮೇಲೆ ಬಾಗಿತು. ಎರಡೂ ಸಲ ಎಕ್ಸಾಸ್ಟ್ ಕಡೆಯದೇ. ಇಂಥ ಲಕ್ಷಣ ಕಂಡಾಗ ಮೊದಲು ನೋಡಬೇಕಾದ್ದು ಹೊಸ ಗೈಡನ್ನು. ಗೈಡನ್ನು ಹೆಡ್ಡಿಗೆ ಒತ್ತಿ ಕೂರಿಸಿದಾಗ ಅದರ ತೂತು ಚೂರು ಕುಗ್ಗುತ್ತದೆ. ಕೂರಿಸಿದ ಮೇಲೆ ರೀಮರ್ ಹಾಕಿ ಅಳತೆಗೆ ತರಲೇಬೇಕು. ತಣ್ಣಗಿದ್ದಾಗ ವಾಲ್ವ್ ಕಡ್ಡಿ ಸರಾಗವಾಗಿ ಜಾರುತ್ತದೆ ಎಂದು ಬಿಟ್ಟರೆ, ಕಾದಾಗ ಕಡ್ಡಿ ಹಿಗ್ಗಿ ಗೈಡಿನಲ್ಲಿ ಕಚ್ಚಿಕೊಳ್ಳುತ್ತದೆ. ಕ್ಯಾಮ್ ತಳ್ಳುತ್ತದೆ, ವಾಲ್ವ್ ಸರಿಯುವುದಿಲ್ಲ, ನಡುವೆ ಸಿಕ್ಕ ಪುಶ್‌ರಾಡ್ ಬಾಗುತ್ತದೆ. ಎಕ್ಸಾಸ್ಟ್ ಹೆಚ್ಚು ಕಾಯುವುದರಿಂದಲೇ ಅದರ ಗೈಡಿಗೆ ಇನ್‌ಲೆಟ್‌ಗಿಂತ ಹೆಚ್ಚು ಸಂದು ಬಿಡುವುದು. ಈ ಅಳತೆ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಇರುವುದರಿಂದ ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. ಕಡ್ಡಿಯನ್ನು ಬೆರಳಲ್ಲಿ ಅಲುಗಾಡಿಸಿ ‘ಸರಿ ಇದೆ’ ಎನ್ನುವುದು ಅಳತೆ ಅಲ್ಲ.

ಇದರ ಜೊತೆಗೇ ಹೇಳಬೇಕಾದ ಮಾತು: ಗೈಡ್ ಮೊದಲು, ಸೀಟ್ ಆಮೇಲೆ. ಸೀಟ್ ಕತ್ತರಿಸುವ ಉಪಕರಣ ಗೈಡಿನ ತೂತನ್ನೇ ಆಧಾರ ಹಿಡಿದು ತಿರುಗುತ್ತದೆ. ಗೈಡ್ ಬದಲಿಸಿ ಸೀಟ್ ಕತ್ತರಿಸದೆ ಬರೀ ಪೇಸ್ಟ್ ಹಚ್ಚಿ ಉಜ್ಜಿಕೊಟ್ಟರೆ, ಮೇಲೆ ಹೇಳಿದ ಕುತ್ತಿಗೆ ಮುರಿತಕ್ಕೆ ದಾರಿ ಮಾಡಿಕೊಟ್ಟಂತೆ.

ಎಂಜಿನ್ ಕಟ್ಟುವಾಗ ಮಾಡುವ ಒಂದೊಂದು ಕೆಲಸವೂ ಇನ್ನೊಂದು ಅಳತೆಯನ್ನು ಸರಿಸುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದೇ ಇಲ್ಲ. ಸುಟ್ಟ ಸೀಟನ್ನು ಆಳಕ್ಕೆ ಕತ್ತರಿಸಿದರು ಎನ್ನಿ. ವಾಲ್ವ್ ಹೆಡ್ಡಿನೊಳಕ್ಕೆ ಇಳಿದು ಕೂರುತ್ತದೆ, ಅದರ ಕಡ್ಡಿಯ ತುದಿ ಸ್ಪ್ರಿಂಗ್ ಕಡೆ ಅಷ್ಟೇ ಮೇಲೆ ಬರುತ್ತದೆ. ಸ್ಪ್ರಿಂಗ್ ಕೂರುವ ಎತ್ತರ ಹೆಚ್ಚಿ ಅದರ ಒತ್ತಡ ಕಡಿಮೆಯಾಗುತ್ತದೆ. ವೇಗದಲ್ಲಿ ವಾಲ್ವ್ ಸರಿಯಾದ ಹೊತ್ತಿಗೆ ಮುಚ್ಚುವುದಿಲ್ಲ. ರಾಕರ್‌ನ ಕೋನ ಕೆಡುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಾದರೆ ಟ್ಯಾಪೆಟ್ಟಿನೊಳಗಿನ ಪ್ಲಂಜರ್ ತಳ ಮುಟ್ಟಿ, ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೆಡ್ ಫೇಸಿಂಗ್ ಮಾಡಿಸಿ ಮೈ ಇಳಿಸಿದರೂ ಇಂಥದೇ ಪರಿಣಾಮ: ಹೆಡ್ ತಗ್ಗಿತು, ಪುಶ್‌ರಾಡ್ ಅಷ್ಟೇ ಉದ್ದ ಉಳಿಯಿತು. ಜೊತೆಗೆ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬಂತು.

ಆ ಹತ್ತಿರವನ್ನು ಅಳೆಯಲು ಮಕ್ಕಳು ಆಡುವ ಕ್ಲೇ ಸಾಕು. ಪಿಸ್ಟನ್ ಮೇಲೆ ಒಂದು ತುಂಡು ಅಂಟಿಸಿ, ಹೆಡ್ ಬಿಗಿದು, ಟ್ಯಾಪೆಟ್ ಹೊಂದಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಬಿಚ್ಚಬೇಕು. ವಾಲ್ವ್ ಒತ್ತಿದ ಕಡೆ ಕ್ಲೇ ಎಷ್ಟು ತೆಳುವಾಗಿದೆ ಎಂದು ಕತ್ತರಿಸಿ ಅಳೆದರೆ ಉತ್ತರ ಸಿಕ್ಕಿತು. ಇನ್‌ಲೆಟ್‌ಗೆ ಸುಮಾರು 2 ಮಿ.ಮೀ., ಎಕ್ಸಾಸ್ಟ್‌ಗೆ ಸುಮಾರು 2.5 ಮಿ.ಮೀ. ಎಂಬುದು ಸಾಮಾನ್ಯ ರೂಢಿ; ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಸ್ಪ್ರಿಂಗಿಗೂ ಹೀಗೆಯೇ ಲೆಕ್ಕ ಹಾಕಬೇಕು. ಕೂರಿಸಿದ ಎತ್ತರ 40 ಮಿ.ಮೀ., ವಾಲ್ವ್ ಏಳುವುದು 10 ಮಿ.ಮೀ. ಆದರೆ ಪೂರ್ತಿ ತೆರೆದಾಗ ಸ್ಪ್ರಿಂಗ್ 30 ಮಿ.ಮೀ.ಗೆ ಬರುತ್ತದೆ. ಅದೇ ಸ್ಪ್ರಿಂಗ್ ವೈಸಿನಲ್ಲಿ ಪೂರ್ತಿ ಅದುಮಿದಾಗ 29.5 ಮಿ.ಮೀ. ಇದ್ದರೆ ಉಳಿದದ್ದು ಅರ್ಧ ಮಿಲಿಮೀಟರ್ ಮಾತ್ರ. ಕನಿಷ್ಠ ಒಂದೂವರೆ ಮಿ.ಮೀ. ಉಳಿಯಬೇಕು. ‘ಪಿಕಪ್’ ಹೆಚ್ಚಲಿ ಎಂದು ಗಟ್ಟಿ ಸ್ಪ್ರಿಂಗ್ ಹಾಕಿಸುವವರು ಈ ಲೆಕ್ಕ ಹಾಕುವುದಿಲ್ಲ. ಆಮೇಲೆ ಕ್ಯಾಮ್, ಟ್ಯಾಪೆಟ್, ಪುಶ್‌ರಾಡ್ ಒಂದೊಂದಾಗಿ ಬಲಿಯಾಗುತ್ತವೆ.

ಆಯಿಲ್ ದಾರಿಯ ತಪ್ಪುಗಳು ಇನ್ನೊಂದು ದೊಡ್ಡ ಗುಂಪು. ರಾಕರ್‌ಗೆ ಹೊಸ ಬುಶ್ ಹೊಡೆದಾಗ ಬುಶ್ಶಿನ ತೂತು ರಾಕರ್‌ನ ತೂತಿಗೆ ನೇರ ಬಂದಿದೆಯೇ? ಕ್ಯಾಮ್ ಬೇರಿಂಗ್ ಹಾಕಿದಾಗ ಅದರ ತೂತು ಬ್ಲಾಕ್‌ನ ತೂತಿಗೆ ಸರಿಹೊಂದಿದೆಯೇ? ಟಾರ್ಚ್ ಬಿಟ್ಟು ನೋಡಬೇಕು, ತೆಳು ತಂತಿ ತೂರಿಸಿ ನೋಡಬೇಕು. ಎರಡು ನಿಮಿಷದ ಕೆಲಸ. ಅದನ್ನು ಬಿಟ್ಟದ್ದಕ್ಕೆ ಇಡೀ ಹೆಡ್ ಮತ್ತೆ ಬಿಚ್ಚಿಸಿಕೊಂಡ ಎಂಜಿನ್‌ಗಳು ಎಷ್ಟೋ. ಬುಲೆಟ್‌ನ ಎರಕದ ಕಬ್ಬಿಣದ ಎಂಜಿನ್‌ನಲ್ಲಿ ರಾಕರ್‌ಗೆ ಆಯಿಲ್ ಹೋಗುವುದು ಹೊರಗಿನ ಸಣ್ಣ ಪೈಪುಗಳಿಂದ. ಆ ಬೋಲ್ಟು, ವಾಷರ್‌ಗಳಿಗೆ ಮೆತ್ತಿದ ಸೀಲಂಟ್ ಒಳಕ್ಕೆ ಹೋಗಿ ದಾರಿ ಮುಚ್ಚುವುದು ಅಪರೂಪವಲ್ಲ. ರಾಕರ್ ಹಿಡಿಯುವ ಬ್ಲಾಕ್‌ಗಳು ಎರಡು ಹೋಳು. ಒಂದರ ಜೋಡಿ ಇನ್ನೊಂದಕ್ಕೆ ಬೆರೆತರೆ ರಾಕರ್ ಬಿಗಿಯುತ್ತದೆ. ಬಿಚ್ಚುವಾಗಲೇ ಜೋಡಿಗಳಿಗೆ ಗುರುತು ಹಾಕುವುದು ಒಳ್ಳೆಯದು. ಕಟ್ಟಿದ ಮೇಲೆ ಪ್ಲಗ್ ತೆಗೆದು ಕಿಕ್ ಹೊಡೆಯುತ್ತ ರಾಕರ್ ಬಳಿ ಆಯಿಲ್ ಬರುವುದನ್ನು ಕಣ್ಣಾರೆ ನೋಡಿಯೇ ಮುಚ್ಚಳ ಹಾಕಬೇಕು. ಎಂಜಿನ್ ಓಡುವಾಗ ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದರೆ ಆಯಿಲ್ ವಾಪಸು ಬೀಳುವುದೂ ಕಾಣುತ್ತದೆ.

ಸ್ವಚ್ಛತೆಯ ಮಾತೂ ಇಲ್ಲೇ ಸೇರುತ್ತದೆ. ವಾಲ್ವ್ ಉಜ್ಜಿದ ಪೇಸ್ಟ್ ಒಂದು ಚಿಟಿಕೆ ಉಳಿದರೂ ಅದು ಆಯಿಲ್ ಜೊತೆ ತಿರುಗುತ್ತ ಉಜ್ಜುವ ಕೆಲಸ ಮುಂದುವರಿಸುತ್ತದೆ. ಹೆಡ್, ಕವರ್‌ಗಳು ಹೊಳೆಯಲಿ ಎಂದು ಗಾಜಿನ ಕಾಳುಗಳಿಂದ ಬ್ಲಾಸ್ಟಿಂಗ್ ಮಾಡಿಸುವವರು ಇನ್ನೂ ಎಚ್ಚರ ವಹಿಸಬೇಕು. ಆ ಕಾಳುಗಳು ಆಯಿಲ್ ತೂತುಗಳಲ್ಲಿ, ಬೋಲ್ಟ್ ತೂತಿನ ಮರೆಗಳ ಚರಿಗಳಲ್ಲಿ ಅವಿತಿದ್ದು ಎಂಜಿನ್ ಕಾದಾಗ ಹೊರಬರುತ್ತವೆ. ಬಿಸಿನೀರು, ಸೋಪು, ಬ್ರಶ್, ಕೊನೆಗೆ ಗಾಳಿ. ಮತ್ತೊಮ್ಮೆ ಅದೇ ಕ್ರಮ.

ಕ್ಯಾಮ್ ಮತ್ತು ಚಪ್ಪಟೆ ತಳದ ಟ್ಯಾಪೆಟ್‌ಗಳ ವಿಷಯದಲ್ಲಿ ಅಮೆರಿಕದ ಹಳೆಯ ವಿ-8 ಕಾರುಗಳನ್ನು ಮತ್ತೆ ಕಟ್ಟಿದವರು ಕಲಿತದ್ದು ಎಲ್ಲರಿಗೂ ಉಪಯೋಗ. ಆ ಟ್ಯಾಪೆಟ್‌ನ ತಳ ನೋಡಲು ಚಪ್ಪಟೆ, ನಿಜಕ್ಕೂ ಚೂರು ಉಬ್ಬು. ಕ್ಯಾಮ್‌ನ ಮೈಯೂ ಚೂರು ಓರೆ. ಅದರಿಂದಲೇ ಟ್ಯಾಪೆಟ್ ಕೆಲಸ ಮಾಡುತ್ತಲೇ ತನ್ನ ಸುತ್ತ ತಾನು ತಿರುಗುತ್ತದೆ, ಸವೆತ ಒಂದೇ ಗೆರೆಯಲ್ಲಿ ಬೀಳುವುದಿಲ್ಲ. ತಿರುಗುವುದು ನಿಂತ ಟ್ಯಾಪೆಟ್ ಕೆಲವೇ ಗಂಟೆಗಳಲ್ಲಿ ಉಬ್ಬನ್ನು ತಿಂದುಹಾಕುತ್ತದೆ. ಸವೆದ ಟ್ಯಾಪೆಟ್ಟನ್ನು ಹೊಸ ಕ್ಯಾಮ್ ಮೇಲೆ ಕೂರಿಸಬಾರದು ಎನ್ನುವುದು ಇದಕ್ಕೇ. ಅದೇ ಕ್ಯಾಮ್ ಉಳಿಸಿಕೊಂಡರೆ ಟ್ಯಾಪೆಟ್‌ಗಳು ಅವವುಗಳ ಜಾಗಕ್ಕೇ ಮರಳಬೇಕು. ಕ್ಯಾಮ್, ಟ್ಯಾಪೆಟ್‌ಗಳ ಸವೆತ ತಡೆಯುವ ಸತು-ರಂಜಕದ ಸಂಯುಕ್ತ ಆಯಿಲ್‌ನಲ್ಲಿ ಕಡಿಮೆಯಾದದ್ದೂ ದೊಡ್ಡ ಚರ್ಚೆಯಾಯಿತು. ಹೊಗೆ ಶುದ್ಧಿ ಮಾಡುವ ಕನ್ವರ್ಟರ್‌ಗಳನ್ನು ಉಳಿಸಲು 2004ರ ಕೊನೆಯಲ್ಲಿ ಬಂದ ಎಸ್‌ಎಂ ದರ್ಜೆಯ ತೆಳು ಆಯಿಲ್‌ಗಳಲ್ಲಿ ರಂಜಕದ ಮಿತಿ ಶೇ 0.10ರಿಂದ 0.08ಕ್ಕೆ ಇಳಿಯಿತು. ಹೊಸ ಕಾರುಗಳಿಗೆ ತೊಂದರೆ ಇಲ್ಲ. ಗಟ್ಟಿ ಸ್ಪ್ರಿಂಗ್ ಇರುವ ಹಳೆಯ ಎಂಜಿನ್‌ಗಳಿಗೆ ಅಪಾಯ. ಅಂಥ ಹೊಸ ಕ್ಯಾಮ್ ಹಾಕಿದ ವಿ-8ಗಳನ್ನು ಚಾಲೂ ಮಾಡಿದ ಕೂಡಲೇ ಐಡಲ್‌ನಲ್ಲಿ ಬಿಡದೆ ನಿಮಿಷಕ್ಕೆ 2000ದಿಂದ 2500 ಸುತ್ತಿನಲ್ಲಿ 20 ನಿಮಿಷ ಓಡಿಸುವ ಪದ್ಧತಿ ಇದೆ, ಏಕೆಂದರೆ ಐಡಲ್‌ನಲ್ಲಿ ಕ್ಯಾಮ್ ಮೇಲೆ ಚಿಮ್ಮುವ ಆಯಿಲ್ ತೀರ ಕಡಿಮೆ. ನಮ್ಮ ಗಾಡಿಗಳಿಗೆ ಈ ಅಂಕಿಗಳನ್ನು ಹಾಗೆಯೇ ತರಬಾರದು. ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಹಾಕುವುದು, ಹೊಸ ಕ್ಯಾಮ್‌ಗೆ ಜೋಡಿಸುವಾಗಲೇ ಅದಕ್ಕೆಂದೇ ಸಿಗುವ ಲೇಪ ಹಚ್ಚುವುದು, ಕಟ್ಟಿದ ಹೊಸದರಲ್ಲಿ ಗಂಟೆಗಟ್ಟಲೆ ಐಡಲ್ ಬಿಡದಿರುವುದು ಎಲ್ಲ ಕಡೆಗೂ ಸಲ್ಲುತ್ತದೆ.

ಟ್ಯಾಪೆಟ್ ಸೆಟ್ಟಿಂಗ್ ಚಿಕ್ಕ ಕೆಲಸವೆನಿಸಿದರೂ ಇಷ್ಟೆಲ್ಲ ಶ್ರಮವನ್ನು ಹಾಳುಮಾಡಬಲ್ಲದು. ಎರಕದ ಕಬ್ಬಿಣದ ಬುಲೆಟ್‌ನಲ್ಲಿ ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಶನ್‌ನ ತುತ್ತತುದಿಯಲ್ಲಿದ್ದಾಗ, ಪುಶ್‌ರಾಡ್ ಎರಡು ಬೆರಳಿಗೆ ಸರಾಗ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಸದ್ದು ಹೋಗಲಿ ಎಂದು ಇನ್ನಷ್ಟು ಬಿಗಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಬೇರೆ ಎಂಜಿನ್‌ಗಳಲ್ಲಿ ಫೀಲರ್ ಗೇಜ್ ಅಳತೆಯೇ ಪ್ರಮಾಣ. ಹೆಡ್ ಬೋಲ್ಟ್‌ಗಳನ್ನು ಮತ್ತೆ ಬಿಗಿದ ಮೇಲೆ ಸಂದನ್ನು ಮತ್ತೆ ನೋಡಲೇಬೇಕು.

ಲೇತ್ ಅಂಗಡಿಗೆ ಹೆಡ್ ಕೊಡುವಾಗ ಮಾಲೀಕರು ಬಾಯಿಮಾತಿಗೆ ಬಿಡದೆ ಬರೆದು ಕೇಳಬೇಕು: ಗೈಡ್ ಸಂದು ಎಷ್ಟು ಬಂತು, ಸೀಟ್ ಎಷ್ಟು ಇಳಿಯಿತು, ಫೇಸಿಂಗ್‌ನಲ್ಲಿ ಎಷ್ಟು ತೆಗೆದರು, ಸ್ಪ್ರಿಂಗ್ ಯಾವ ಎತ್ತರಕ್ಕೆ ಕೂತಿದೆ. ಒಳ್ಳೆಯ ಲೇತ್‌ನವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಬಿಲ್ಲಿನ ಹಿಂದೆಯೇ ಬರೆದುಕೊಡುತ್ತಾರೆ. ಹೆಡ್ ವಾಪಸು ಬಂದ ಮೇಲೆ ತಲೆಕೆಳಗಾಗಿಸಿ, ಪ್ಲಗ್ ತೂತು ಮುಚ್ಚಿ, ವಾಲ್ವ್ ಕೂತ ಗುಂಡಿಗೆ ಸ್ವಲ್ಪ ಸೀಮೆಎಣ್ಣೆ ಸುರಿದು ಪೋರ್ಟ್ ಕಡೆ ಜಿನುಗುತ್ತದೆಯೇ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಅಸಲಿ, ನಕಲಿ ಎರಡೂ ಸಿಗುತ್ತವೆ ನಿಜ. ಹೊಸ ಪೀಸನ್ನು ಹಳೆಯದರ ಪಕ್ಕ ಇಟ್ಟು ಉದ್ದ, ದಪ್ಪ, ಲಾಕ್ ಕೊರಕಲಿನ ಎತ್ತರ ಹೋಲಿಸಿಯೇ ಕೊಳ್ಳಿ. ಆದರೆ ಎರಡು ಬೇರೆ ಬೇರೆ ಕಂಪನಿಯ ಭಾಗಗಳು ಒಂದೇ ಜಾಗದಲ್ಲಿ ಒಂದೇ ರೀತಿ ಮುರಿದಿದ್ದರೆ ನಕಲಿ ಮಾಲಿನ ಮೇಲೆ ದೂರು ಹಾಕುವುದನ್ನು ಬಿಡಿ. ಮೂರನೆಯದನ್ನು ಕೊಳ್ಳುವ ದುಡ್ಡನ್ನು ಮೊದಲು ಗೈಡ್, ಸೀಟ್, ಸ್ಪ್ರಿಂಗ್‌ಗಳ ಅಳತೆ ತೆಗೆಸಲು ಕೊಡಿ; ಅಂಕಿಗಳು ಕೈಗೆ ಬಂದ ಮೇಲೆ ಅಂಗಡಿಗೆ ಹೋಗಿ.